ಆಕಾಶದ ಧೂಳು ಹುಡುಕಬೇಕೆಂದರೆ ಮೊದಲು ನೆಲದ ಧೂಳು ಓದಿ

ನಾನು ಬಾಹ್ಯಾಕಾಶದ ಧೂಳನ್ನು ಬೇರ್ಪಡಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಇದನ್ನು ಕೇಳಿದವರು ಟೆಲಿಸ್ಕೋಪು, ರಾಕೆಟ್ಟು ಅಂತೆಲ್ಲ ಊಹಿಸುತ್ತಾರೆ. ನಿಜ ಹೇಳಬೇಕೆಂದರೆ ದಿನವಿಡೀ ಕೈಯಲ್ಲಿ ಸಣ್ಣ ಬ್ರಷ್ ಹಿಡಿದು ಮೈಕ್ರೋಸ್ಕೋಪ್ ಮುಂದೆ ಕೂತಿರುತ್ತೇನೆ. ಹೊಸದಾಗಿ ಸೇರಿದವರಿಗೆ ನಾನು ಮೊದಲು ನೋಡಲು ಕೊಡುವುದು ಉಲ್ಕೆಯ ಕಣ ಅಲ್ಲ, ವೆಲ್ಡಿಂಗ್ ಕಿಡಿಯ ಪುಡಿ. ಕೆಲವರ ಮುಖ ಬಾಡುತ್ತದೆ. ಇರಲಿ, ಈ ಕೆಲಸದಲ್ಲಿ ಬೇರೆ ದಾರಿ ಇಲ್ಲ.

ಯಾಕೆಂದರೆ ನಮಗೆ ಬೇಕಾದದ್ದು ತೀರಾ ಕಡಿಮೆ. ಅಂಟಾರ್ಕ್ಟಿಕಾದ ಡೋಮ್ ಸಿ ಬಳಿಯ ಹಿಮ ಕರಗಿಸಿ ಮಾಡಿದ ಒಂದು ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ 30ರಿಂದ 200 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ಗಾತ್ರದ ಬಾಹ್ಯಾಕಾಶ ಕಣಗಳು ವರ್ಷಕ್ಕೆ ಸುಮಾರು 5,200 ಟನ್ ನೆಲಕ್ಕೆ ಬೀಳುತ್ತವೆ. ಕೇಳಲು ಜಾಸ್ತಿ ಅನಿಸುತ್ತದೆ, ಅಲ್ವಾ? ಇಡೀ ಭೂಮಿಗೆ ಹಂಚಿ ನೋಡಿ. ಒಂದು ಚದರ ಮೀಟರಿಗೆ ವರ್ಷಕ್ಕೆ ಸುಮಾರು 10 ಮೈಕ್ರೋಗ್ರಾಂ ಸಿಗುತ್ತದೆ, ಅಷ್ಟೇ. ಅದೇ ಜಾಗದಲ್ಲಿ ನಮ್ಮದೇ ಧೂಳು ಎಷ್ಟು ಬಿದ್ದಿರುತ್ತದೆ ಎಂದು ಹೇಳಬೇಕಾಗಿಲ್ಲ.

ಕಷ್ಟ ಇರುವುದು ಹೋಲಿಕೆಯಲ್ಲಿ. ಬಾಹ್ಯಾಕಾಶದ ಕಣ ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗುತ್ತದೆ. ಬಹಳಷ್ಟು ಆವಿಯಾಗಿ ಹೋಗುತ್ತವೆ. ಕೆಲವು ಕರಗಿ, ಉಂಡೆಯಾಗಿ, ಗಟ್ಟಿಯಾಗಿ ಕೆಳಗೆ ಬರುತ್ತವೆ. ವೆಲ್ಡಿಂಗ್ ಕಿಡಿಯೂ ಕರಗಿ ಗಾಳಿಯಲ್ಲಿ ಉಂಡೆಯಾಗುತ್ತದೆ. ಗ್ರೈಂಡರ್ ಕಿಡಿಯೂ ಹಾಗೇ. ಕಲ್ಲಿದ್ದಲು ಉರಿಸಿದ ಹಾರುಬೂದಿಯಂತೂ ಮುತ್ತಿನಷ್ಟು ದುಂಡಗೆ ಇರುತ್ತದೆ. ಹಾಗಾಗಿ ‘ದುಂಡಗಿದೆ, ಮ್ಯಾಗ್ನೆಟ್‌ಗೆ ಅಂಟುತ್ತದೆ’ ಎನ್ನುವುದು ಸಾಕ್ಷಿಯೇ ಅಲ್ಲ. ಇಂಟರ್ನೆಟ್‌ನಲ್ಲಿ ‘ಮನೆ ಮೇಲೆ ನಕ್ಷತ್ರದ ಧೂಳು ಸಿಕ್ಕಿತು’ ಎಂದು ಹಾಕುವ ಫೋಟೋಗಳಲ್ಲಿ ಎಷ್ಟೋ ಸಲ ನನಗೆ ಕಾಣುವುದು ಗ್ರೈಂಡರ್.

ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗೆ ವ್ಯತ್ಯಾಸ ತಿಳಿಯುತ್ತದೆ. ಆಕಾಶದ ಕಲ್ಲಿನ ಕಣದಲ್ಲಿ ಮೆಗ್ನೀಸಿಯಂ, ಸಿಲಿಕಾನ್, ಕಬ್ಬಿಣ ಮುಖ್ಯವಾಗಿ ಇರುತ್ತವೆ. ಸೋಡಿಯಂ, ಪೊಟ್ಯಾಸಿಯಂ ಬಿಸಿಗೆ ಆವಿಯಾಗಿ ಹೋಗಿರುವುದರಿಂದ ಸಿಗುವುದೇ ಅಪರೂಪ. ಆಲಿವೀನ್ ಎಂಬ ಖನಿಜದ ಹರಳುಗಳು ಸಾಲುಸಾಲಾಗಿ ಪಟ್ಟಿ ಕಟ್ಟಿರುತ್ತವೆ. ಅದೃಷ್ಟ ಇದ್ದರೆ ಒಂದು ತುದಿಯಲ್ಲಿ ನಿಕಲ್-ಕಬ್ಬಿಣದ ಗುಂಡು ಇಣುಕುತ್ತಿರುತ್ತದೆ. ಗಾಳಿ ತಡೆದಾಗ ಭಾರದ ಲೋಹ ಮುಂದಕ್ಕೆ ಸರಿದ ಗುರುತು ಅದು. ಹಾರುಬೂದಿಯಲ್ಲಿ ಅಲ್ಯೂಮಿನಿಯಂ ಜಾಸ್ತಿ, ಎಷ್ಟೋ ಸಲ ಒಳಗೆ ಟೊಳ್ಳು. ಇದನ್ನೆಲ್ಲ ಪಟ್ಟಿ ಓದಿ ಕಲಿಯಲು ಆಗುವುದಿಲ್ಲ. ಕಣ್ಣಿಗೆ ಅಭ್ಯಾಸ ಆಗಬೇಕು, ಅದಕ್ಕೆ ಸುಳ್ಳು ಕಣಗಳನ್ನೇ ಗುಡ್ಡೆಗಟ್ಟಲೆ ನೋಡಬೇಕು.

ಇದನ್ನು ಎಲ್ಲರಿಗಿಂತ ಚೆನ್ನಾಗಿ ತೋರಿಸಿದವರು ನಾರ್ವೆಯ ಜಾನ್ ಲಾರ್ಸೆನ್. ಅವರು ಜಾಝ್ ಗಿಟಾರ್ ವಾದಕ. ನಗರದ ಕಸದಲ್ಲಿ ಇಂಥ ಕಣ ಹುಡುಕುವುದು ಆಗದ ಮಾತು ಎಂದು ತಜ್ಞರು ಕೈಬಿಟ್ಟಿದ್ದರು. ಲಾರ್ಸೆನ್ ವರ್ಷಗಟ್ಟಲೆ ನೆಲದ ಉಂಡೆಗಳನ್ನೂ ಫೋಟೋ ತೆಗೆದು, ವಿಂಗಡಿಸಿ ಕಲಿತರು. 2017ರಲ್ಲಿ ವಿಜ್ಞಾನಿ ಮ್ಯಾಥ್ಯೂ ಗೆಂಜ್ ಜೊತೆ ಪ್ರಕಟಿಸಿದ ಲೇಖನದಲ್ಲಿ ಕಟ್ಟಡಗಳ ಛಾವಣಿಯಿಂದ ತಂದ 300 ಕೆಜಿ ಕಸದಿಂದ 500 ಬಾಹ್ಯಾಕಾಶ ಕಣಗಳು ಸಿಕ್ಕಿದ್ದವು.

ನಾಸಾ ಕೂಡ ಇದೇ ದಾರಿ ಹಿಡಿದಿದೆ. ಸುಮಾರು 20 ಕಿಲೋಮೀಟರ್ ಎತ್ತರದಲ್ಲಿ ವಿಮಾನ ಹಾರಿಸಿ, ಸಿಲಿಕೋನ್ ಎಣ್ಣೆ ಸವರಿದ ಫಲಕದಲ್ಲಿ ಧೂಳು ಹಿಡಿಯುತ್ತಾರೆ. ಅಷ್ಟು ಮೇಲೂ ರಾಕೆಟ್ ಹೊಗೆಯ ಅಲ್ಯೂಮಿನಿಯಂ ಆಕ್ಸೈಡ್ ಉಂಡೆಗಳು ಅಂಟುತ್ತವೆ. ಅವನ್ನು ಎಸೆಯದೆ, ಕ್ಯಾಟಲಾಗ್‌ನಲ್ಲಿ ಅವಕ್ಕೇ ಬೇರೆ ಗುಂಪು ಮಾಡಿದ್ದಾರೆ. ನಾಸಾದ ಸ್ಟಾರ್‌ಡಸ್ಟ್ ನೌಕೆ 2006ರಲ್ಲಿ ತಂದ ಏರೋಜೆಲ್‌ನಲ್ಲಿಯೂ (ಬಾಹ್ಯಾಕಾಶದ ಧೂಳು ಹಿಡಿಯಲು ಬಳಸಿದ ತೀರಾ ಹಗುರವಾದ ವಸ್ತು) ನೌಕೆಯದೇ ಚೂರುಗಳು ಕೊರೆದ ಗುರುತುಗಳಿದ್ದವು. ಅವನ್ನು ಬದಿಗಿಟ್ಟ ಮೇಲೆ, 2014ರಲ್ಲಿ, ಸೌರಮಂಡಲದ ಹೊರಗಿನವು ಇರಬಹುದು ಎಂದು ಹೇಳಲಾದ ಕಣಗಳು ಬರೀ ಏಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ‘ಅಲ್ಲ’ ಎಂದು ತೆಗೆದಿಟ್ಟ ಪ್ರತಿ ಕಣಕ್ಕೂ ಕಾರಣ ಬರೆಯಬೇಕು. ‘ನೋಡಿದರೆ ಹಾಗನಿಸಲಿಲ್ಲ’ ಎಂದು ಬರೆದರೆ ನಾನು ಒಪ್ಪುವುದಿಲ್ಲ. ‘ದುಂಡಗಿಲ್ಲ’ ಎಂದರೂ ಒಪ್ಪುವುದಿಲ್ಲ, ಕರಗದೆ ಬಂದ ಬಾಹ್ಯಾಕಾಶ ಕಣಗಳು ಅಂಕುಡೊಂಕಾಗಿಯೇ ಇರುತ್ತವೆ. ಉಂಡೆಗಳನ್ನಷ್ಟೇ ಆರಿಸುವವರು ಅವನ್ನು ಸುಮ್ನೆ ಕಳೆದುಕೊಳ್ಳುತ್ತಾರೆ. ಇನ್ನೊಂದು ಮಾತು: ಪಾಲಿಶ್ ಮಾಡುವ ಮೊದಲೇ ಹೊರಮೈ ಫೋಟೋ ತೆಗೆಯಿರಿ. ಒಳಗೆ ನೋಡಲು ಕಣವನ್ನು ಅರ್ಧದವರೆಗೆ ಉಜ್ಜಬೇಕಾಗುತ್ತದೆ, ಉಜ್ಜಿದ್ದು ವಾಪಸ್ ಬರುವುದಿಲ್ಲ.

‘ಹೌದು’, ‘ಅಲ್ಲ’ ಎರಡೂ ಕಡೆಗೆ ಸೇರದವು ಮೂರನೇ ಟ್ರೇಗೆ ಹೋಗುತ್ತವೆ. ಅವುಗಳಲ್ಲಿ ಕೆಲವಕ್ಕೆ ಆಮ್ಲಜನಕದ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಅಳೆದರೆ ಉತ್ತರ ಸಿಗಬಹುದು. ಆ ಯಂತ್ರದ ಮುಂದೆ ಯಾವಾಗಲೂ ಕ್ಯೂ. ಅಲ್ಲಿಯವರೆಗೆ ಟ್ರೇ ಮೇಲಿನ ಚೀಟಿ ಬದಲಾಗುವುದಿಲ್ಲ, ಯಾರು ಎಷ್ಟೇ ಅವಸರ ಮಾಡಿದರೂ.