ಬಾಗಿಲ ಪಕ್ಕದ ಕುರ್ಚಿ

ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನವರ ಬಾಯಲ್ಲಿ ‘ಬಿ.ಪಿ. ಮೇಡಂ’. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಮೊದಲ ಸುಧಾರಣೆಯೆಂದರೆ ಬಿ.ಪಿ. ನೋಡುವ ಕುರ್ಚಿಯನ್ನು ಬಾಗಿಲ ಪಕ್ಕಕ್ಕೆ ತಂದದ್ದು. ವಯಸ್ಸಾದವರು, ಪಾಪ, ಒಳಗಿನವರೆಗೆ ಯಾಕೆ ನಡೆಯಬೇಕು ಎಂದು. ಹೊಸ್ತಿಲು ದಾಟಿದರೆ ಕುರ್ಚಿ, ಮಾತ್ರೆ ಈಸಿಕೊಂಡರೆ ಮತ್ತೆ ಹೊಸ್ತಿಲು.

ಒಬ್ಬ ಅಜ್ಜಿ ಎರಡು ವರ್ಷ ಹಾಗೆಯೇ ಬಂದು ಹೋದರು. ಪ್ರತಿ ತಿಂಗಳೂ ನನ್ನ ರಿಜಿಸ್ಟರಿನಲ್ಲಿ ‘ನಿಯಂತ್ರಣದಲ್ಲಿದೆ’. ಒಂದು ನಸುಕಿನಲ್ಲಿ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ವಿಷಯ ತಿಳಿಸಿದಾಗ ನಮ್ಮ ವೈದ್ಯರು ಬಿ.ಪಿ. ಕೇಳಲೇ ಇಲ್ಲ. “ತೂಕ ಎಷ್ಟಿತ್ತು? ನಡಿಗೆ ಹೇಗಿತ್ತು?” ಎಂದರು. ನಡಿಗೆಯನ್ನು ನೋಡಲು ನಾನು ಜಾಗವನ್ನೇ ಬಿಟ್ಟಿರಲಿಲ್ಲವಲ್ಲ. ಹಳೆಯ ಕಾರ್ಡಿನಲ್ಲಿ ತೂಕ 46 ಕಿಲೋ, ಈಗ ತೂಗಿದರೆ 41.

ಅದಕ್ಕಿಂತ ನಾಚಿಕೆಯ ಮಾತೊಂದಿದೆ. ಬಿ.ಪಿ. ಪಟ್ಟಿ ಆ ತೋಳಿಗೆ ತಿಂಗಳಿಂದ ತಿಂಗಳಿಗೆ ಇನ್ನಷ್ಟು ದೂರ ಸುತ್ತುತ್ತಿತ್ತು. ಪಟ್ಟಿಯೇ ಹಳತಾಯಿತೆಂದುಕೊಂಡು ಎಳೆದು ಬಿಗಿ ಮಾಡುತ್ತಿದ್ದವಳು ನಾನೇ.

ಕಾರಣವಿಲ್ಲದೆ ತೂಕ ಇಳಿಯುವುದು, ಸುಸ್ತು, ಕೈಯ ಹಿಡಿತ ಸಡಿಲಾಗುವುದು, ನಿಧಾನ ನಡಿಗೆ, ಓಡಾಟ ಕಡಿಮೆಯಾಗುವುದು: ವೈದ್ಯರು ‘ಫ್ರೇಲ್ಟಿ’ ಎನ್ನುವ ಸ್ಥಿತಿಗೆ 2001ರಲ್ಲಿ ಗೊತ್ತುಮಾಡಿದ ಐದು ಗುರುತುಗಳಿವು. ಮೂರಿದ್ದರೆ ಫ್ರೇಲ್ಟಿ, ಒಂದೆರಡಿದ್ದರೆ ಅದರ ಅಂಚು. ನಮ್ಮ ಕಡೆ ‘ಸೊರಗಿದರು’ ಎನ್ನುತ್ತಾರೆ, ‘ವಯಸ್ಸಾಯಿತಲ್ಲ’ ಎಂದು ಮಾತು ಮುಗಿಸುತ್ತಾರೆ. ನಾನೂ ಮುಗಿಸಿದ್ದೆ.

ಅಜ್ಜಿಗೆ ಹಲ್ಲಿರಲಿಲ್ಲ. ಎಣ್ಣೆ ಗಿರಣಿಗಳ ಸೀಮೆಯಲ್ಲಿದ್ದುಕೊಂಡು ಶೇಂಗಾ ಬಿಟ್ಟಿದ್ದರು. ಎರಡು ಹೊತ್ತೂ ಮುದ್ದೆ, ತಿಳಿಸಾರು. ಅಷ್ಟು ತೂಕದ ಹಿರಿಯರಿಗೆ ದಿನಕ್ಕೆ 40ರಿಂದ 50 ಗ್ರಾಂ ಪ್ರೋಟೀನ್ ಬೇಕು, ತಿಳಿಸಾರಿನಲ್ಲಿ ಅದೆಲ್ಲಿ? ಸೊಸೆ ಹುರಿದ ಶೇಂಗಾ ಕುಟ್ಟಿ ಪುಡಿ ಮಾಡಿಟ್ಟರು, ಸಾರಿಗೆ ಬೇಳೆ ಹೆಚ್ಚಿತು. ಮೊಟ್ಟೆ ಮಾತ್ರ ‘ನಮ್ಮ ಮನೆಯಲ್ಲಿ ನಡೆಯುವುದಿಲ್ಲ’.

ಇನ್ನು ಬಿ.ಪಿ. ಕೂತಾಗ ಮೇಲಿನದು 128, ಎದ್ದು ನಿಂತು ಮೂರು ನಿಮಿಷಕ್ಕೆ 102. ಇಳಿತ 20 ಮುಟ್ಟಿದರೇ ಎಚ್ಚರ ವಹಿಸಬೇಕು. ನಾನು ಬರೆದಿದ್ದುದು ಕೂತ ಅಜ್ಜಿಯ ಲೆಕ್ಕ, ಬಿದ್ದದ್ದು ಎದ್ದು ನಿಂತ ಅಜ್ಜಿ. ವೈದ್ಯರು ಮಾತ್ರೆಯ ಪ್ರಮಾಣ ತಗ್ಗಿಸಿದರು.

ಕಾಲಿನ ಬಲ ನೋಡಲು ಒಂದು ಪರೀಕ್ಷೆಯಿದೆ: ಕೈ ಊರದೆ ಕುರ್ಚಿಯಿಂದ ಐದು ಸಲ ಏಳಬೇಕು, 14 ಸೆಕೆಂಡಿನೊಳಗೆ. ಅಜ್ಜಿಗೆ ಒಂದು ಸಲವೂ ಆಗಲಿಲ್ಲ. ಮುರಿದ ಮಣಿಕಟ್ಟು ಕೂಡಿಕೊಂಡ ಮೇಲೆ ಆಶಾ ಕಾರ್ಯಕರ್ತೆ ಮನೆಯ ಜಗಲಿಯ ಮೇಲೆಯೇ ಅಭ್ಯಾಸ ಮಾಡಿಸಿದರು. ಪಕ್ಕದ ಮನೆಯ ಅಜ್ಜ, “ದುರ್ಗದ ಗರಡಿಯನ್ನು ಇಲ್ಲಿಗೇ ತಂದಿರೇನಮ್ಮಾ?” ಎಂದು ನಕ್ಕರು. ಮರುವಾರ ಅವರೂ ಸೇರಿಕೊಂಡರು. ಐದು ತಿಂಗಳ ನಂತರ ಅಜ್ಜಿ ಐದು ಸಲ ಎದ್ದರು, 17 ಸೆಕೆಂಡಿನಲ್ಲಿ. ತೂಕ 43.

ಕುರ್ಚಿ ಈಗ ಎದುರು ಗೋಡೆಗೆ ಹೋಗಿದೆ. ನಡುವೆ ನಾಲ್ಕು ಮೀಟರ್, ಎರಡು ತುದಿಗೂ ಬಣ್ಣದ ಗೆರೆ. ಅಷ್ಟು ನಡೆಯಲು ಐದು ಸೆಕೆಂಡಿಗಿಂತ ಹೆಚ್ಚು ತೆಗೆದುಕೊಂಡವರ ಹೆಸರಿನ ಮುಂದೆ ಒಂದು ಗುರುತು. ಸಮಯ ನೋಡುತ್ತಿರುವುದು ಗೊತ್ತಾದರೆ ಕೆಲವರು ಮದುವಣಿಗನ ಬಿರುಸಿನಲ್ಲಿ ನಡೆಯುತ್ತಾರೆ, ಅದಕ್ಕೆ ಮೊಬೈಲನ್ನು ರಿಜಿಸ್ಟರಿನ ಮರೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಹೋದ ಸೋಮವಾರ ಅಜ್ಜಿ ನಡೆದು ಬಂದು ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, “ಮೊದಲು ಬಾಗಿಲಲ್ಲೇ ಕೂರಿಸುತ್ತಿದ್ದೆ. ಎಷ್ಟು ಒಳ್ಳೆಯವಳಿದ್ದೆ ತಾಯಿ ನೀನು” ಎಂದರು.