ಡಬ್ಬದಲ್ಲಿ ಪುಸ್ತಕ ಇಲ್ಲ
ಅಕ್ಕನ ಮಗನಿಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಒಂದು ಗೇಮ್ ಕೊಡಿಸಿದೆ. ಡಬ್ಬ ತೆರೆದರೆ ಡಿಸ್ಕ್, ಒಂದು ಎಚ್ಚರಿಕೆಯ ಚೀಟಿ, ಅಷ್ಟೇ. ಆಡುವುದು ಹೇಗೆ ಅಂತ ತಿಳಿಸುವ ಪುಸ್ತಕ, ಮ್ಯಾನುಯಲ್ ಎಲ್ಲಿ ಅಂತ ಕೇಳಿದರೆ, "ಎಂತ ಮ್ಯಾನುಯಲ್ ಮಾಮ?" ಅಂದ.

ಅವನ ತಪ್ಪಲ್ಲ. 2010ರಲ್ಲೇ ಗೇಮ್ ಕಂಪನಿ ಯೂಬಿಸಾಫ್ಟ್ ಕಾಗದದ ಮ್ಯಾನುಯಲ್ ನಿಲ್ಲಿಸುವುದಾಗಿ ಹೇಳಿತ್ತು, ಪರಿಸರದ ಹೆಸರಲ್ಲಿ. ಪ್ರಿಂಟಿಂಗ್ ಖರ್ಚು ಉಳಿಯುವುದೂ ಸಣ್ಣ ವಿಷಯ ಅಲ್ಲ ಬಿಡಿ. ಈಗ ಪಿಡಿಎಫ್ ಸಿಗುತ್ತದೆ ಅನ್ನುತ್ತಾರೆ. ಸಿಗಬಹುದು, ತೆರೆಯುವವರು ಯಾರು?

ಮೊದಲು ಆ ಪುಸ್ತಕವೂ ಆಟದ ಭಾಗವೇ ಆಗಿತ್ತು. 1989ರ ಕಂಪ್ಯೂಟರ್ ಗೇಮ್ ಪ್ರಿನ್ಸ್ ಆಫ್ ಪರ್ಷಿಯಾ ನೆನಪಿದೆಯಾ? ಮೊದಲ ಲೆವೆಲ್ ದಾಟಿದರೆ ಅಕ್ಷರ ಬರೆದ ಮದ್ದಿನ ಬಾಟಲಿಗಳು. ಯಾವುದನ್ನು ಕುಡಿಯಬೇಕು ಅಂತ ಗೊತ್ತಾಗಲು ಮ್ಯಾನುಯಲ್‌ನ ಇಂಥ ಪುಟ, ಇಂಥ ಸಾಲು ನೋಡಬೇಕು. ಕಾಪಿ ಹೊಡೆದ ಫ್ಲಾಪಿಯವರನ್ನು ತಡೆಯುವ ಉಪಾಯ. (ಆದರೂ ಇಲ್ಲಿ ಎಲ್ಲರೂ ಆಡಿದ್ದರು. ಹೇಗೆ ಅಂತ ಕೇಳಬೇಡಿ.)

ಇನ್ನೂ ಮಜಾ ಅಂದರೆ 1990ರ ನಿಂಟೆಂಡೊ ಗೇಮ್ ಸ್ಟಾರ್‌ಟ್ರಾಪಿಕ್ಸ್. ಡಬ್ಬದಲ್ಲಿ ಒಂದು ಪತ್ರ ಇರುತ್ತಿತ್ತು. ನೀರಲ್ಲಿ ಅದ್ದಿದರೆ 747 ಅಂತ ಮೂಡುತ್ತಿತ್ತು. ಆ ನಂಬರ್ ಇಲ್ಲದೆ ಆಟ ಮುಂದೆ ಹೋಗದು. ಅಮೆರಿಕದಲ್ಲಿ ಆಟವನ್ನು ಬಾಡಿಗೆಗೆ ತರುವ ಕಾಲ ಅದು. ಪತ್ರ ಇಲ್ಲದ ಬರೀ ಕ್ಯಾಸೆಟ್ ತಂದ ಮಕ್ಕಳ ಅವಸ್ಥೆ ನೀವೇ ಯೋಚಿಸಿ ಮಾರಾಯ್ರೆ!