ಈ ಬಣ್ಣ ಬಿಡುತ್ತದೆಯೇನಪ್ಪಾ?

ಮಂಗಳವಾರದಿಂದ ಒಂದೇ ಮಾತು ಕಿವಿಯಲ್ಲಿ ಕೂತುಬಿಟ್ಟಿದೆ. ಚಿಕ್ಕಬಳ್ಳಾಪುರದ ಎಂಆರ್‌ಐ ಸ್ಕ್ಯಾನಿಂಗ್ ಕೇಂದ್ರವೊಂದರಲ್ಲಿ ದೊಡ್ಡಮ್ಮನ ಎಡಗೈಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸುತ್ತಿದ್ದ ಹುಡುಗ, "ಮಧ್ಯದಲ್ಲಿ ಡೈ ಕೊಡುತ್ತೇವೆ ಅಜ್ಜಿ, ಅಲುಗಾಡಬಾರದು" ಎಂದ.

"ಡೈ ಅಂದರೆ ಬಣ್ಣವಾ?"

"ಹೂಂ, ಹಾಗೇ ಅಂದುಕೊಳ್ಳಿ."

"ಈ ಬಣ್ಣ ಬಿಡುತ್ತದೆಯೇನಪ್ಪಾ?"

ಹುಡುಗ ನಕ್ಕ. ನಾನೂ ನಕ್ಕೆ. "ಉಚ್ಚೆಯಲ್ಲಿ ಎಲ್ಲ ಹೋಗುತ್ತದೆ ಅಜ್ಜಿ" ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದ.

ದೊಡ್ಡಮ್ಮ ನಗಲಿಲ್ಲ. ಶಿಡ್ಲಘಟ್ಟದಲ್ಲಿ 40 ವರ್ಷ ಬಿಸಿನೀರಿನ ಮುಂದೆ ಕೂತು ಗೂಡಿನಿಂದ ನೂಲು ತೆಗೆದವಳು. ರೇಷ್ಮೆ ಬಲ್ಲವರಿಗೆ ಬಣ್ಣದ ವಿಷಯದಲ್ಲಿ ಕೇಳಲು ಇರುವುದು ಒಂದೇ ಪ್ರಶ್ನೆ: ನೀರಿಗೆ ಹಾಕಿದರೆ ಬಿಡುತ್ತದೋ, ನಿಲ್ಲುತ್ತದೋ. ಸೀರೆಯಲ್ಲಾದರೆ ನಿಲ್ಲಬೇಕು, ಮೈಯಲ್ಲಾದರೆ ಬಿಡಬೇಕು. ಅವಳು ಸರಿಯಾಗಿಯೇ ಕೇಳಿದ್ದಳು.

ಅದಕ್ಕೆ ಮೊದಲು ನಾನು ಮಾಡಿದ ಘನಕಾರ್ಯವನ್ನೂ ಹೇಳಿಬಿಡುತ್ತೇನೆ. ಕೌಂಟರಿನ ಹುಡುಗಿ ಕ್ರಿಯಾಟಿನಿನ್ ರಿಪೋರ್ಟ್, ಅಂದರೆ ಕಿಡ್ನಿ ಹೇಗಿದೆ ಎಂದು ನೋಡುವ ರಕ್ತಪರೀಕ್ಷೆಯದು, ಕೇಳಿದಳು. ಇರಲಿಲ್ಲ. ಎದುರಿನ ಲ್ಯಾಬಿನಲ್ಲಿ ಮಾಡಿಸಿಕೊಂಡು ಬನ್ನಿ ಎಂದಳು. ತಲೆಯ ಸ್ಕ್ಯಾನಿಗೆ ರಕ್ತ ಯಾಕೆ, ಇದೆಲ್ಲ ದುಡ್ಡು ಕೀಳುವ ದಾರಿ ಎಂದು ನಾಲ್ಕು ಜನರಿಗೆ ಕೇಳುವಂತೆ ಕೂಗಾಡಿದೆ. ಆ ಹುಡುಗಿ ಒಂದು ಮಾತೂ ಎದುರಾಡದೆ ಚೀಟಿ ಬರೆದುಕೊಟ್ಟಳು. ರಿಪೋರ್ಟ್ ಬಂದು, ಕಿಡ್ನಿ ಪರವಾಗಿಲ್ಲ ಎಂದಾದ ಮೇಲೆ ಎರಡು ಪುಟದ ಇಂಗ್ಲಿಷ್ ಒಪ್ಪಿಗೆ ಪತ್ರ ಮುಂದಿಟ್ಟು, "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಬೆರಳಿಟ್ಟಳು. ಹಾಲಿನ ಡೈರಿಯ ಪಾಸ್‌ಪುಸ್ತಕವನ್ನೂ ಎರಡು ಸಲ ನೋಡುವ ನಾನು ಮೂರು ಕಡೆ ರುಜು ಹಾಕಿದೆ. ಓದಲಿಲ್ಲ.

ರಾತ್ರಿ ನಿದ್ದೆ ಬಾರದೆ ಮೊಬೈಲಿನಲ್ಲಿ ಹುಡುಕುತ್ತಾ ಹೋದಂತೆ ಎರಡೂ ತಿರುವುಮುರುವಾದವು: ಕೂಗಾಡಬಾರದ ಕಡೆ ಕೂಗಾಡಿ, ಓದಬೇಕಾದ ಕಡೆ ಓದದೆ ರುಜು ಹಾಕಿದ್ದೆ. ನಾನು ಜಗಳ ಮಾಡಿದ ರಕ್ತಪರೀಕ್ಷೆಯೇ ದೊಡ್ಡಮ್ಮನನ್ನು ಕಾಯುವ ಕಾವಲು. ಎಂಆರ್‌ಐಗೆ ಕೊಡುವ ಡೈಯಲ್ಲಿರುವುದು ಗ್ಯಾಡೊಲಿನಿಯಂ ಎಂಬ ಲೋಹ. ಬರಿದಾಗಿ ಮೈಗೆ ಸೇರಿದರೆ ವಿಷ. ಅದಕ್ಕೇ ಅದನ್ನು ಬೇರೊಂದು ಅಣುವಿನೊಳಗೆ ಕಟ್ಟಿಹಾಕಿರುತ್ತಾರೆ. ಕಿಡ್ನಿ ಚೆನ್ನಾಗಿದ್ದರೆ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಕಿಡ್ನಿ ಕೆಟ್ಟಿದ್ದರೆ ಒಳಗೇ ಸುತ್ತುತ್ತದೆ, ಕಟ್ಟು ಸಡಿಲವಾಗುತ್ತದೆ. ಕೆಲವರಿಗೆ ಚರ್ಮ ಹಲಗೆಯಂತೆ ಬಿಗಿದು ಕೈಕಾಲು ಮಡಚಲಾಗದ ಕಾಯಿಲೆ ಬಂದದ್ದನ್ನು 1997ರಲ್ಲೇ ವೈದ್ಯರು ಗಮನಿಸಿದ್ದರು. ಕಾರಣ ಈ ಡೈ ಎಂದು ಬೆರಳು ತೋರಿಸಿದ್ದು 2006ರಲ್ಲಿ, ಆಸ್ಟ್ರಿಯಾದ ಒಬ್ಬ ವೈದ್ಯ. ಮರುವರ್ಷ ಅಮೆರಿಕದ ಔಷಧ ನಿಯಂತ್ರಕರು ಔಷಧದ ಮಾಹಿತಿಪತ್ರದಲ್ಲಿ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿದರು. ಅಲ್ಲಿ ಮೊಕದ್ದಮೆಗಳ ಸಾಲೇ ಹತ್ತಿತು; 2013ರಲ್ಲಿ ಓಹಾಯೋದ ನ್ಯಾಯಾಲಯದಲ್ಲಿ ಜ್ಯೂರಿ ಒಬ್ಬ ರೋಗಿಗೂ ಅವನ ಹೆಂಡತಿಗೂ ಸೇರಿ 50 ಲಕ್ಷ ಡಾಲರ್ ಕೊಡಬೇಕೆಂದು ತಯಾರಕ ಕಂಪನಿಗೆ ಹೇಳಿತು. ಮೊದಲೇ ಕಿಡ್ನಿ ನೋಡಿ ಡೈ ಕೊಡುವ ಪದ್ಧತಿ ಬಂದ ಮೇಲೆ ಆ ಕಾಯಿಲೆ ಬಹಳ ಅಪರೂಪವಾಯಿತು. ಕೌಂಟರಿನ ಹುಡುಗಿ ಕೇಳಿದ್ದು ಅದನ್ನೇ.

ಕಟ್ಟಿಹಾಕುವ ಅಣುವಿನಲ್ಲಿ ಎರಡು ಜಾತಿ. ಒಂದು ಉಂಗುರದಂತೆ ಸುತ್ತುವರಿದು ಹಿಡಿಯುವುದು, ಇನ್ನೊಂದು ತುದಿ ತೆರೆದಿದ್ದು. ಮುಚ್ಚಿದ ಗೂಡಿಗೂ ಚಿಟ್ಟೆ ತೂತು ಕೊರೆದ ಗೂಡಿಗೂ ಇರುವ ವ್ಯತ್ಯಾಸ ಎಂದರೆ ದೊಡ್ಡಮ್ಮನಿಗೆ ಒಂದೇ ಮಾತಿಗೆ ತಿಳಿಯುತ್ತದೆ. ಕಿಡ್ನಿ ಚೆನ್ನಾಗಿರುವವರ ಮಿದುಳಿನಲ್ಲೂ ಈ ಲೋಹ ಉಳಿಯುವುದುಂಟು ಎಂದು 2014ರಲ್ಲಿ ಜಪಾನಿನವರು ತೋರಿಸಿದರು. 2017ರಲ್ಲಿ ಯುರೋಪ್ ತೆರೆದ ಜಾತಿಯ ಕೆಲವನ್ನು ತಡೆಹಿಡಿಯಿತು. ಅಮೆರಿಕದವರು, ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯಬಹುದು, ಆದರೆ ಕಿಡ್ನಿ ಸರಿಯಿರುವವರಿಗೆ ಅದರಿಂದಲೇ ಕೇಡಾಯಿತೆಂದು ಸಾಬೀತಾಗಿಲ್ಲ ಎಂದರು. ಅದೇ ವರ್ಷ ನಟ ಚಕ್ ನಾರಿಸ್ ಹೆಂಡತಿಗೆ ಇದರಿಂದಲೇ ಕಾಯಿಲೆಯಾಯಿತೆಂದು ದಾವೆ ಹೂಡಿ, 2020ರಲ್ಲಿ ಹಿಂದೆ ತೆಗೆದುಕೊಂಡ. ಅಷ್ಟು ದೇಶಗಳ ಪಂಡಿತರು ಕೇಳುತ್ತಿದ್ದದ್ದು, ಈ ಬಣ್ಣ ಬಿಡುತ್ತದೆಯೇನಪ್ಪಾ ಎಂದೇ ಅಲ್ಲವೇ? ನಾವಿಬ್ಬರು ನಕ್ಕಿದ್ದೆವು.

ಬುಧವಾರ ಬೆಂಗಳೂರಿನಿಂದ ದೊಡ್ಡಮ್ಮನ ಮಗ ಫೋನ್ ಮಾಡಿದ. ಹಣ ಕಳಿಸಿದರೆ ತಾನೇ ಬಂದು ಹೋದಂತೆ ಎಂದು ನಂಬಿರುವವನು. ಇದೆಲ್ಲ ಹೇಳಿದ್ದಕ್ಕೆ, "ಏನಾದರೂ ಆದರೆ ಕೇಸ್ ಹಾಕೋಣ ಬಿಡು" ಎಂದ, ಕೇಸ್ ಎಂದರೆ ಊಟದ ಆರ್ಡರ್ ಎಂಬಂತೆ. ಆದರೂ ವಕೀಲ ಗೆಳೆಯನನ್ನು ಕೇಳಿದೆ. ರುಜು ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯ ಮಾಫಿಯಾಗುವುದಿಲ್ಲ. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೇ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ವಿಷಯ ತಿಳಿಸಿ ಪಡೆದದ್ದೇ ಒಪ್ಪಿಗೆ ಎಂದು 2008ರಲ್ಲಿ ಹೇಳಿದೆ. ದೂರಿಗೆ ಎರಡು ವರ್ಷದ ಗಡುವು. ಇಷ್ಟು ಹೇಳಿ ಅವನೇ ಕೇಳಿದ: "ಅದೆಲ್ಲ ಇರಲಿ, ಹಾಕಿದ್ದು ಯಾವ ಔಷಧ? ಬ್ಯಾಚ್ ನಂಬರ್ ಏನು?"

ಬಿಲ್ ತೆಗೆದು ನೋಡಿದೆ. ಡೈ ಎನ್ನುವುದಕ್ಕೆ "ಕಾಂಟ್ರಾಸ್ಟ್ - 1" ಎಂದಷ್ಟೇ ಇತ್ತು. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಹತ್ತು ಕೆಜಿ ಗೂಡು ತಂದವನ ಲಾಟಿಗೂ ನಂಬರ್ ಇರುತ್ತದೆ. ದೊಡ್ಡಮ್ಮನ ರಕ್ತಕ್ಕೆ ಹೋದದ್ದಕ್ಕೆ ಹೆಸರೂ ಇರಲಿಲ್ಲ.

ಶುಕ್ರವಾರ ಮತ್ತೆ ಹೋದೆ. ಅದೇ ಹುಡುಗ. "ಯಾಕೆ ಸಾರ್, ಏನಾದರೂ ತೊಂದರೆಯಾಯಿತಾ?" ಎಂದು ಮುಖ ಸಣ್ಣದು ಮಾಡಿಕೊಂಡ. ಇಲ್ಲ, ತಿಳಿದುಕೊಳ್ಳೋಣವೆಂದು ಎಂದೆ. ಇದುವರೆಗೆ ಯಾರೂ ಕೇಳಿಲ್ಲವಂತೆ. ರಿಜಿಸ್ಟರ್ ನೋಡಿ ಬಿಲ್ಲಿನ ಬೆನ್ನಿಗೆ ಹೆಸರು, ಬ್ಯಾಚ್ ಎರಡನ್ನೂ ದುಂಡಗೆ ಬರೆದುಕೊಟ್ಟ. ಒಳ್ಳೆಯ ಹುಡುಗ, ಅವನಿಗೂ ಯಾರೂ ಹೇಳಿಕೊಟ್ಟಿಲ್ಲ ಅಷ್ಟೆ. ಕೌಂಟರಿನ ಹುಡುಗಿ ರಜೆಯಲ್ಲಿದ್ದಳು, ಕ್ಷಮೆ ಕೇಳುವುದು ತಪ್ಪಿತು. ಬಸ್ ನಿಲ್ದಾಣದಲ್ಲೇ ನಿಂತು ಹುಡುಕಿದೆ. ಉಂಗುರದ ಜಾತಿ.

ಮನೆಗೆ ಬಂದು, "ಒಳ್ಳೆಯದನ್ನೇ ಹಾಕಿದ್ದಾರೆ ದೊಡ್ಡಮ್ಮ, ಹೆದರಬೇಡ" ಎಂದೆ.

"ಮೂರು ದಿನದಿಂದ ನೋಡುತ್ತಿದ್ದೇನೆ. ಒಂಚೂರೂ ಬಣ್ಣ ಬಿಟ್ಟಿಲ್ಲವಲ್ಲೋ."

"ಅದಕ್ಕೆ ಬಣ್ಣವೇ ಇಲ್ಲ ದೊಡ್ಡಮ್ಮ, ನೀರಿನ ಹಾಗೆ ಇರುತ್ತದೆ."

"ಮತ್ತೆ ಆ ಹುಡುಗ ಬಣ್ಣ ಅಂದನಲ್ಲ?"